ಕೀಲಿ ಗುರುತಿನ ಕೈಚೀಲ

ದರ್ಜಿ ಅಂಗಡಿಯ ಹೊಸ್ತಿಲಿಗೆ ಮೋಟು ಸ್ಟೂಲು ಹಾಕಿಕೊಂಡು ಕಾಜಾ ಮಾಡುತ್ತ ಕೂತವರಿಗೆ ಬೀದಿಯ ಜನ ಮುಖದಿಂದ ಗುರುತು ಸಿಗುವುದು ಕಡಿಮೆ. ಸಿಗುವುದು ಬಟ್ಟೆಯಿಂದ. ಯಾರ ತೋಳು ಬಿಗಿಯಾಯಿತು, ಯಾರ ಅಂಚು ಬಿಚ್ಚಿತು, ಯಾರು ಅಣ್ಣನ ಕೋಟನ್ನು ತಮ್ಮನಿಗೆ ಇಳಿಸಿದರು, ಇದೆಲ್ಲ ಟೇಪಕ್ಕನಿಗೆ ಯಾರನ್ನೂ ಕೇಳದೆ ಗೊತ್ತಾಗುತ್ತಿತ್ತು. ಅಳತೆಯ ಟೇಪನ್ನು ಅವಳು ಊಟಕ್ಕೆ ಕೂತಾಗಲೂ ಕುತ್ತಿಗೆಯಿಂದ ತೆಗೆಯುತ್ತಿರಲಿಲ್ಲ, ಹಾಗಾಗಿ ಊರಿಗೆಲ್ಲ ಟೇಪಕ್ಕ. ಊರಿನ ಬಟ್ಟೆಯನ್ನೆಲ್ಲ ನೆಟ್ಟಗೆ ಮಾಡುತ್ತಿದ್ದವಳ ಸ್ವಂತ ಕೈಚೀಲದ ಲೈನಿಂಗ್ ಮಾತ್ರ ಹರಿದು ವರ್ಷವಾಗಿತ್ತು. ನಾಳೆ ಹೊಲಿದರಾಯಿತು ಎನ್ನುತ್ತಲೇ ಇದ್ದಳು.

ಇಂಥವಳ ಕಣ್ಣಿಗೆ ಆ ಬೇಸಿಗೆ ಒಂದು ವಿಷಯ ಧೂಳಿನ ಕಣದ ಹಾಗೆ ಬಿದ್ದು ಕಿರಿಕಿರಿ ಶುರುವಾಯಿತು. ಉಜ್ಜಿದಷ್ಟೂ ಒಳಕ್ಕೇ ಹೋಗುವಂಥದ್ದು.

ಪ್ರತಿ ಶನಿವಾರ ಸಂಜೆ, ಗ್ರಂಥಾಲಯದ ಮೇಲಿನ ಹಳೆಯ ವಾಚನಾಲಯದಲ್ಲಿ ಹುಡುಗಿಯರ ಬಳಗ ಸೇರುತ್ತಿತ್ತು. ಬಳಗದ ಉಸ್ತುವಾರಿ ಟೇಪಕ್ಕನದೇ. ಹಗ್ಗದ ಗಂಟು ಹಾಕುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು, ಸೀಟಿಯಲ್ಲಿ ಸಂಕೇತ ಕೊಡುವುದು, ನಕ್ಷೆ ಹಿಡಿದು ದಾರಿ ಹುಡುಕುವುದು, ಬೇಜಾರಾದರೆ ಹಾಡುವುದು. ವರ್ಷಕ್ಕೊಮ್ಮೆ ಕೆರೆಯ ದಂಡೆಯಲ್ಲಿ ಶಿಬಿರ. ಹೋದ ವರ್ಷ ಹಳೆಯ ಗುಡಾರ ಸೋರಿ, ಹುಡುಗಿಯರು ರಾತ್ರಿಯಿಡೀ ತಟ್ಟೆಗಳನ್ನು ತಲೆಯ ಮೇಲೆ ಹಿಡಿದುಕೊಂಡು ಕೂತಿದ್ದರು. ಈ ವರ್ಷ ಹೊಸ ಗುಡಾರ ಕೊಳ್ಳಲೇಬೇಕು, ಅದಕ್ಕೆ ದುಡ್ಡು ಕೂಡಿಸಬೇಕು ಎಂದು ತೀರ್ಮಾನವಾಯಿತು. ದರ್ಜಿಗೆ ಹೊಳೆಯುವುದು ಹೊಲಿಗೆಯೇ ತಾನೆ. ಅಂಗಡಿಯಲ್ಲಿ ಉಳಿದ ಗಟ್ಟಿ ಬಟ್ಟೆಯ ತುಂಡುಗಳಲ್ಲಿ ಕೈಚೀಲ ಹೊಲಿಸಿ, ಭಾನುವಾರ ರೈಲ್ವೆ ಸ್ಟೇಷನ್ನಿನ ಗೇಟಿನ ಬಳಿ ಮೇಜು ಹಾಕಿ ಮಾರುವುದೆಂದಾಯಿತು.

ಗುರುತಿನ ಯೋಚನೆಯೂ ಟೇಪಕ್ಕನದೇ. ಪ್ರತಿಯೊಬ್ಬಳೂ ತನ್ನ ಚೀಲದ ಮೂಲೆಯಲ್ಲಿ ಒಂದು ಚಿಕ್ಕ ಕಸೂತಿ ಗುರುತು ಹಾಕಬೇಕು. ತಾನು ಮಾಡಿದ್ದು ತನ್ನದು ಅನ್ನಿಸಿದರೆ ಹೊಲಿಗೆ ಓರೆಯಾಗುವುದಿಲ್ಲ ಎಂಬುದು ಅವಳ ಅನುಭವ. ಔಷಧಿ ಅಂಗಡಿಯ ಯಜಮಾನಿಯ ಮಗಳು ಮೀನು ಆರಿಸಿಕೊಂಡಳು. ಶಾಲೆಯ ಗುಮಾಸ್ತೆಯ ಮಗಳು ಕೊಡೆ, ಬಸ್ ಡ್ರೈವರನ ಮಗಳು ದೋಣಿ. ಬೀಗ ರಿಪೇರಿ ಮಾಡುವ ತಾತನ ಮೊಮ್ಮಗಳು ಕೀಲಿ. ಒಂದೆರಡು ವಾರದಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ಅದೇ ಹೆಸರಿನಿಂದ ಕರೆಯತೊಡಗಿದರು. "ಏ ಕೊಡೆ, ಕತ್ತರಿ ಕೊಡೇ" ಎಂದು ಯಾರೋ ಅಂದರೆ ಕೋಣೆಯೆಲ್ಲ ಕಿಸಕ್ಕೆಂದು ನಗುತ್ತಿತ್ತು.

ಚೀಲಗಳು ಬಿಸಿ ಬಿಸಿ ಬನ್ನಿನಂತೆ ಖರ್ಚಾದವು. ಭಾನುವಾರ ಬೆಳಿಗ್ಗೆ ಟೇಪಕ್ಕ ಮೇಜು ಜೋಡಿಸಿಕೊಟ್ಟು ಅಂಗಡಿಗೆ ಓಡುತ್ತಿದ್ದಳು. ಕೆಲಸಕ್ಕೆ ಹೋಗುವವರು ಅಳತೆ ಕೊಡಲು ಬರುತ್ತಿದ್ದುದು ಆವತ್ತೇ. ಮೇಜಿನ ಹತ್ತಿರ ಔಷಧಿ ಅಂಗಡಿಯ ಯಜಮಾನಿಯೂ ಇಬ್ಬರು ಹುಡುಗಿಯರೂ ಇರುತ್ತಿದ್ದರು. ಸಂಜೆ ಹೋಗಿ ನೋಡಿದರೆ ಮೇಜು ಖಾಲಿ, ಡಬ್ಬಿ ಭರ್ತಿ.

ಖುಷಿಪಡಬೇಕಾದ ವಿಷಯವೇ. ಟೇಪಕ್ಕ ಖುಷಿಯಾಗಿಯೇ ಇದ್ದಳು, ಹೊಸ್ತಿಲಲ್ಲಿ ಕೂತು ಬೀದಿ ನೋಡುವವರೆಗೆ. ಅಷ್ಟೊಂದು ಚೀಲ ಮಾರಿದೆವಲ್ಲ, ಎಲ್ಲಿ ಹೋದವು? ಮಾರಿದ ಚೀಲ ಯಾರದಾದರೂ ಕೈಯಲ್ಲಿ ತೂಗಾಡಬೇಕು. ತೂಗಾಡುತ್ತಿದ್ದವು ನಿಜ. ಅಂಚೆಯವನ ಹೆಂಡತಿಯ ಕೈಯಲ್ಲಿ ಒಂದು, ಬಣ್ಣದ ಅಂಗಡಿಯವನ ಸೈಕಲ್ಲಿಗೆ ಒಂದು, ಆಸ್ಪತ್ರೆಗೆ ಊಟ ಒಯ್ಯುವ ಮುದುಕಿಯ ಹೆಗಲಿಗೆ ಒಂದು. ಟೇಪಕ್ಕ ಕನ್ನಡಕ ಒರೆಸಿಕೊಂಡು ಮೂಲೆ ನೋಡಿದಳು. ಕೀಲಿ. ಇನ್ನೊಂದರಲ್ಲೂ ಕೀಲಿ. ವಾರವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಒಂದು ಮೀನು ಈಜಿ ಬರಲಿಲ್ಲ, ಒಂದು ಕೊಡೆ ಬಿಚ್ಚಿಕೊಳ್ಳಲಿಲ್ಲ, ದೋಣಿ ಎಲ್ಲಿ ಮುಳುಗಿತೋ.

ಒಂದೇ ಹುಡುಗಿಯ ಚೀಲ ಊರ ತುಂಬ. ಉಳಿದವರದು ಒಂದೂ ಇಲ್ಲ. ಇದು ಹೇಗೆ?

ತಲೆಗೆ ಹುಳ ಬಿಟ್ಟುಕೊಂಡದ್ದು ಆಗಲೇ. ಆ ಹುಳಕ್ಕೆ ಮೇವು ಹಾಕಿದ್ದು ಔಷಧಿ ಅಂಗಡಿಯ ಯಜಮಾನಿ. ತೋಳು ಸಡಿಲ ಮಾಡಿಸಲು ಬಂದು ಕನ್ನಡಿಯ ಮುಂದೆ ನಿಂತವಳು, ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

"ಟೇಪಕ್ಕ, ಒಂದು ಮಾತು. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಟೇಪಕ್ಕ "ಹ್ಞೂಂ" ಎಂದಳು.

"ಎಲ್ಲಿ ನೋಡಿದ್ರೂ ಆ ಕೀಲಿ ಚೀಲಾನೇ. ಕೊಡೆ ನೋಡಿದ್ರಾ ಎಲ್ಲಾದ್ರೂ? ದೋಣಿ ನೋಡಿದ್ರಾ?"

"ಉಹ್ಞೂಂ."

"ಆ ತಾತನ ಅಂಗಡಿ ಮುಂದೆ ಮೊನ್ನೆ ಜನ ನಿಂತಿದ್ರು. ಅವನ ಅಂಗಡಿ ಮುಂದೆ ಯಾವತ್ತು ಜನ ನಿಂತಿದ್ರು ಹೇಳಿ? ಬೀದಿ ಬೀದೀಲಿ ಕೀಲಿ ಗುರುತು ಓಡಾಡ್ತಿದೆ. ಪುಕ್ಕಟೆ ಜಾಹೀರಾತು. ಬೇರೆಯವರ ಗುರುತು ಬಿಚ್ಚಿ ತನ್ನದು ಹಾಕೋದು ಆ ಹುಡುಗಿಗೆ ಎಷ್ಟು ಹೊತ್ತಿನ ಕೆಲಸ?"

ಟೇಪಕ್ಕ ಸೂಜಿ ತೆಗೆದು ಕೈಯಲ್ಲಿ ಹಿಡಿದಳು. "ಚೀಲ ಇಡೋ ಕಪಾಟಿಗೆ ಬೀಗ ಇದೆಯಲ್ಲಮ್ಮಾ. ಕೀಲಿ ನನ್ನ ಹತ್ರ ಇದೆ."

"ಆ ಬೀಗ ಹೋದ ವರ್ಷ ಕೆಟ್ಟಿತ್ತಲ್ಲ, ರಿಪೇರಿ ಮಾಡಿದ್ದು ಯಾರು?"

ಸೂಜಿ ಬಾಯಲ್ಲೇ ಇದ್ದಿದ್ದರೆ ಆವತ್ತು ನುಂಗಿಬಿಡುತ್ತಿದ್ದಳೋ ಏನೋ.

ಟೇಪಕ್ಕ ಕೆಟ್ಟವಳಲ್ಲ. ಅನುಮಾನವನ್ನು ಅವಳು ಸುಲಭಕ್ಕೆ ಮನೆಯೊಳಗೆ ಕರೆದು ಕೂರಿಸುವವಳೂ ಅಲ್ಲ. ಆದರೆ ಕೂತ ಮೇಲೆ ಅದು ಎದ್ದು ಹೋಗುವ ನೆಂಟನಲ್ಲ. ಮರುದಿನ ಬಸ್ ನಿಲ್ದಾಣದಲ್ಲಿ ಮೊಟ್ಟೆ ಮಾರುವವಳ ಕೈಯಲ್ಲಿ ಕೀಲಿಯ ಚೀಲ ಕಂಡಾಗ ಇವಳು ಹೋಗಿ ಮುಂದೆ ನಿಂತಳು.

"ಒಂದು ನಿಮಿಷ ಆ ಚೀಲ ಕೊಡ್ತೀರಾ?"

"ಯಾಕೆ?"

"ಹೊಲಿಗೆ ನೋಡ್ಬೇಕಿತ್ತು."

"ಮೊಟ್ಟೆ ಇದೆ ಕಣಮ್ಮಾ, ತಲೆಕೆಳಗೆ ಮಾಡಿಬಿಟ್ಟೀಯ. ಹೀಗೇ ನೋಡು, ನಾನು ಹಿಡ್ಕೊಂಡಿರ್ತೀನಿ."

ಟೇಪಕ್ಕ ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋದಳು. ಬಸ್ಸಿಗೆ ಕಾದಿದ್ದವರೆಲ್ಲ ಈಕೆ ಚೀಲ ಮೂಸುತ್ತಿದ್ದಾಳೆಂದು ತಿಳಿದು ಸ್ವಲ್ಪ ದೂರ ಸರಿದರು. ಕೀಲಿಯ ಹಲ್ಲುಗಳ ಸುತ್ತ ಬಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಹಾಕಿದ್ದ ದಾರವನ್ನು ಬಿಚ್ಚಿದ ತೂತು. ದರ್ಜಿಯ ಕಣ್ಣಿಗೆ ಅದು ಮಣ್ಣಿನ ಮೇಲಿನ ಹೆಜ್ಜೆ ಗುರುತಿನಷ್ಟು ಸ್ಪಷ್ಟ. ಇಲ್ಲಿ ಮೊದಲು ಬೇರೇನೋ ಇತ್ತು.

"ಎಲ್ಲಿ ತಗೊಂಡ್ರಿ ಇದನ್ನ?"

"ಸ್ಟೇಷನ್ ಗೇಟ್ ಹತ್ರ. ಮಧ್ಯಾಹ್ನ ಹೋದೆ. ಬೇರೆ ಯಾವುದೂ ಇರಲಿಲ್ಲ, ಬರೀ ಕೀಲೀನೇ ಇತ್ತು."

ಬರೀ ಕೀಲಿ. ಟೇಪಕ್ಕನಿಗೆ ಇನ್ನು ಯಾರೂ ಏನೂ ಹೇಳಬೇಕಿರಲಿಲ್ಲ. ಮಾತು ಸರಿಯಾಗಿ ಕೇಳಿಸಿತ್ತು, ಅವಳು ಅದಕ್ಕೆ ಹಚ್ಚಿಕೊಂಡ ಅರ್ಥ ಮಾತ್ರ ತಪ್ಪಾಗಿತ್ತು.

ಅದೇ ವಾರ ಹೊಲಿಗೆ ಬಿಚ್ಚುವ ಕೊಕ್ಕೆಯೂ ಕಾಣೆಯಾಯಿತು. ಬೆರಳುದ್ದದ ಮರದ ಹಿಡಿ, ತುದಿಯಲ್ಲಿ ಕವಲಾದ ಚೂಪು. ಶನಿವಾರ ವಾಚನಾಲಯದ ಮೇಜಿನ ಮೇಲೆ ಇಟ್ಟದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮನೆ, ಅಂಗಡಿ, ಕಪಾಟು ಎಲ್ಲ ಜಾಲಾಡಿದಳು. ಇಲ್ಲ. ಗುರುತು ಬಿಚ್ಚುವವರಿಗೆ ಬೇಕಾದದ್ದು ಅದೇ ಅಲ್ಲವೆ?

ಮುಂದಿನ ಶನಿವಾರ ಟೇಪಕ್ಕ ಒಂದು ಉಪಾಯ ಮಾಡಿದಳು. ಬಳಗದಲ್ಲಿ ಒಂದು ಆಟವಿತ್ತು. ಹತ್ತಾರು ಸಾಮಾನು ಮೇಜಿನ ಮೇಲೆ ಹರಡಿ, ನೋಡಿಕೊಳ್ಳಲು ಹೇಳಿ, ಬಟ್ಟೆ ಮುಚ್ಚಿ, ಒಂದನ್ನು ತೆಗೆದು, ಯಾವುದು ಹೋಯಿತೆಂದು ಕೇಳುವುದು. ಯಾವಾಗಲೂ ಅಂಗಡಿಯಿಂದ ತರುತ್ತಿದ್ದ ಗುಂಡಿ, ಉಂಗುರ, ಕತ್ತರಿಯನ್ನು ಆವತ್ತು ಅವಳು ತರಲಿಲ್ಲ.

"ಇವತ್ತು ನಿಮ್ಮ ನಿಮ್ಮ ಚೀಲದಲ್ಲಿ ಇರೋದನ್ನೇ ಸುರೀರಿ. ಎಲ್ಲಾನೂ. ಬಚ್ಚಿಟ್ಟುಕೊಳ್ಳೋ ಹಾಗಿಲ್ಲ."

"ನನ್ನ ಚೀಲದಲ್ಲಿ ಬಾಚಣಿಗೆ ಇದೆ ಅಕ್ಕ, ಅದರ ತುಂಬ ಕೂದಲು" ಎಂದಳು ಕೊಡೆ.

"ಕೂದಲು ಸಮೇತ ಸುರಿ."

ಪೆನ್ಸಿಲು, ಹೇರ್‌ಪಿನ್ನು, ಅರ್ಧ ತಿಂದ ಬನ್ನು, ನೆಗಡಿಯ ಮಾತ್ರೆ, ಯಾರೋ ಯಾರಿಗೋ ಬರೆದ ಚೀಟಿ. ಆ ಚೀಟಿಗೆ ದೊಡ್ಡ ಗಲಾಟೆಯಾಯಿತು. ಟೇಪಕ್ಕ ನಗಲಿಲ್ಲ. ಅವಳ ಕಣ್ಣು ಒಂದೇ ಕಡೆ ಇತ್ತು. ಕೀಲಿ ತನ್ನ ಚೀಲ ಬಗ್ಗಿಸಿದಳು. ದಾರದುಂಡೆ, ಸೂಜಿಯ ಡಬ್ಬಿ, ಅಮ್ಮನ ಫೋಟೋ. ಅಮ್ಮ ದೂರದ ಊರಿನ ಆಸ್ಪತ್ರೆಯಲ್ಲಿ ದಾದಿ, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದಳು. ಕಡೆಗೆ ಟಣ್ ಎಂದು ಬಿದ್ದದ್ದು, ತುದಿ ಬಗ್ಗಿಸಿದ ಉದ್ದನೆಯ ಉಕ್ಕಿನ ತಂತಿ.

"ಓಹೋ, ಕಪಾಟು ತೆಗೆಯೋಕೆ" ಎಂದಳು ಮೀನು. ಮನೆಯಲ್ಲಿ ಕೇಳಿಸಿಕೊಂಡ ಮಾತು ಮಕ್ಕಳ ಬಾಯಲ್ಲಿ ಹೊರಬರಲು ಎಷ್ಟು ಹೊತ್ತು. ಒಂದಿಬ್ಬರು ನಕ್ಕರು, ಉಳಿದವರು ಟೇಪಕ್ಕನ ಮುಖ ನೋಡಿದರು.

"ಚೀಲದ ಹಿಡಿ ಮಗುಚೋಕೆ" ಎಂದಳು ಕೀಲಿ. "ಉದ್ದಕ್ಕೆ ಹೊಲಿದ ಮೇಲೆ ಒಳಗಿನದು ಹೊರಗೆ ಬರಬೇಕಲ್ಲ, ಅದಕ್ಕೆ ತಾತ ಮಾಡಿಕೊಟ್ಟಿದ್ದು."

ಅಂಥದ್ದೇ ತಂತಿ ಟೇಪಕ್ಕನ ಹೊಲಿಗೆ ಯಂತ್ರದ ಪಕ್ಕದಲ್ಲಿ ಮೊಳೆಗೆ ನೇತಾಡುತ್ತಿತ್ತು. ದಿನಾ ಅದನ್ನು ಮುಟ್ಟುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಅದು ನೆನಪಿಗೆ ಬರಲಿಲ್ಲ, ಅಥವಾ ಬರಬೇಡ ಎಂದು ಅವಳೇ ತಡೆದಳೋ.

"ನಿನ್ನ ಚೀಲಗಳ ಮೂಲೆಯಲ್ಲಿ ಬಿಚ್ಚಿದ ತೂತು ಇದೆಯಲ್ಲ, ಯಾಕೆ?"

"ಬಿಚ್ಚಿದ್ದೀನಿ, ಅದಕ್ಕೆ."

"ಏನನ್ನ ಬಿಚ್ಚಿದೆ?"

ಹುಡುಗಿ ಉತ್ತರ ಕೊಡಲು ಬಾಯಿ ತೆರೆದಳು. ಆಮೇಲೆ ಮೇಜನ್ನು ನೋಡಿದಳು. ಎಲ್ಲರ ಬಾಚಣಿಗೆ, ಬನ್ನು, ಚೀಟಿ. ಮುಚ್ಚುವ ಬಟ್ಟೆ ಇನ್ನೂ ಮಡಿಸಿದ ಹಾಗೇ ಟೇಪಕ್ಕನ ತೊಡೆಯ ಮೇಲಿತ್ತು.

"ಅಕ್ಕಾ, ಇದು ಆಟ ಅಲ್ಲ ಅಲ್ವಾ?"

ಕೀಲಿ ದಾರ, ಸೂಜಿ, ಫೋಟೋ, ತಂತಿ ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಮರದ ಮೆಟ್ಟಿಲು ಇಳಿಯುವ ಸದ್ದು ಕೆಳಗಿನವರೆಗೂ ಕೇಳಿಸಿತು. ಓಡಿದ ಸದ್ದಲ್ಲ. ಓಡಿದ್ದರೆ ಟೇಪಕ್ಕನಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಆ ಭಾನುವಾರ ಮೇಜಿನ ಮೇಲೆ ಕೀಲಿಯ ಚೀಲ ಒಂದೂ ಇರಲಿಲ್ಲ. ಸಂಜೆ ಹೋದಾಗ ದೋಣಿ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಳು.

"ಬೆಳಿಗ್ಗೆಯೇ ಎಲ್ಲ ಖಾಲಿಯಾಯ್ತು ಅಕ್ಕ. ಮಧ್ಯಾಹ್ನದ ರೈಲಿಗೆ ಎಷ್ಟೊಂದು ಜನ ಬಂದು ಕೇಳಿದ್ರು, ಕೊಡೋಕೆ ಏನೂ ಇರಲಿಲ್ಲ. ಆ ಹಲ್ಲು ಹಲ್ಲಿನ ಗುರುತಿಂದು ಇಲ್ವಾ ಅಂತ ಬೇರೆ ಕೇಳ್ತಾರೆ."

ಟೇಪಕ್ಕ ಹೊಸ್ತಿಲಲ್ಲಿ ಕೂತು ಮತ್ತೆ ಬೀದಿ ಕಾದಳು. ಈಗಂತೂ ಗುರುತು ಬದಲಿಸುವವರು ಯಾರೂ ಇಲ್ಲ. ಈ ವಾರ ಮೀನು ಕಾಣಬೇಕು, ಕೊಡೆ ಕಾಣಬೇಕು. ಸೋಮವಾರ ಹೋಯಿತು, ಬುಧವಾರ ಹೋಯಿತು. ಹಳೆಯ ಕೀಲಿಗಳೇ ಅತ್ತಿಂದಿತ್ತ ಓಡಾಡಿದವು. ಹೊಸದು ಒಂದೂ ಹೊರಗೆ ತಲೆ ಹಾಕಲಿಲ್ಲ. ಹಾಗಾದರೆ ಹುಡುಗಿ ಬದಲಿಸಿರಲಿಲ್ಲ. ಅನುಮಾನವೇನೋ ಸಾಯಲಿಲ್ಲ, ಮಗ್ಗುಲು ಬದಲಿಸಿತು ಅಷ್ಟೆ. ಬೆಳಗಿನ ಹೊತ್ತು ಮೇಜಿನ ಬಳಿ ಇರುವುದು ಯಾರು? ಔಷಧಿ ಅಂಗಡಿಯ ಯಜಮಾನಿ. ಕೊಡೆ ನೋಡಿದ್ರಾ, ದೋಣಿ ನೋಡಿದ್ರಾ ಎಂದು ಕೇಳಿದಾಕೆ ಮಗಳ ಮೀನಿನ ಸುದ್ದಿಯನ್ನೇ ಎತ್ತಲಿಲ್ಲವಲ್ಲ, ಏಕೆ? ಸಗಟು ದರಕ್ಕೆ ಪಟ್ಟಣದ ಅಂಗಡಿಗೇನಾದರೂ ದಾಟಿಸುತ್ತಿದ್ದಾಳೋ?

ಯಜಮಾನಿಯ ಮನೆಯ ಪರದೆಗಳಿಗೆ ಅಳತೆ ತೆಗೆಯುವುದು ಬಾಕಿಯಿತ್ತು. ಟೇಪಕ್ಕ ಆವತ್ತೇ ಹೊರಟಳು.

"ನಾಳೆ ಬರ್ತೀನಿ ಅಂದಿದ್ರಲ್ಲ" ಎಂದಳು ಯಜಮಾನಿ ಬಾಗಿಲಲ್ಲಿ.

"ಇವತ್ತು ಕೈ ಖಾಲಿ ಇತ್ತು."

ಮಲಗುವ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೇ ಎತ್ತರದ ಕಪಾಟು. ಟೇಪಕ್ಕ ಸ್ಟೂಲು ಹತ್ತಿ ಕಿಟಕಿಯ ಮೇಲಿನಿಂದ ಟೇಪು ಇಳಿಬಿಟ್ಟಳು. ಕೆಳಗಿನ ತುದಿ ಕಪಾಟಿನ ಬಾಗಿಲ ಸಂದಿಗೆ ಸಿಕ್ಕಿಕೊಂಡಿತು.

"ಎಳೀಬೇಡಿ, ನಾನೇ ಬಿಡಿಸ್ತೀನಿ, ಎಳೀಬೇಡಿ" ಎಂದು ಯಜಮಾನಿ ಓಡಿ ಬರುವಷ್ಟರಲ್ಲಿ ಟೇಪಕ್ಕ ಎಳೆದಾಗಿತ್ತು. ಬಾಗಿಲು ತೆರೆದುಕೊಂಡು ಒಳಗಿನಿಂದ ಒಂದು ಚೀಲ ಜಾರಿತು. ಅದರ ಹಿಂದೆ ಇನ್ನೊಂದು. ಆಮೇಲೆ ರಾಶಿಗೆ ರಾಶಿಯೇ ಜಾರಿ ನೆಲದ ಮೇಲೆ ಹರಡಿಕೊಂಡಿತು. ಎಲ್ಲದರ ಮೂಲೆಯಲ್ಲೂ ಮೀನು. ಬಲೆ ಸುರಿದ ಹಾಗೆ.

ಯಜಮಾನಿಯ ಮುಖ ಹುಳ್ಳಗಾಯಿತು.

"ಅಷ್ಟೂ ನೀವೇ ಕೊಂಡ್ರಾ?"

"ದುಡ್ಡು ಹಾಕಿದ್ದೀನಿ. ಒಂದು ಕಾಸೂ ಕಮ್ಮಿ ಇಲ್ಲ."

"ದುಡ್ಡಿನ ಮಾತು ಯಾರು ಆಡಿದ್ರು? ಯಾಕೆ ಅಂತ ಕೇಳ್ತಿದ್ದೀನಿ."

ಯಜಮಾನಿ ಮಂಚದ ಅಂಚಿಗೆ ಕೂತಳು. "ಗುರುತು ಹಾಕಿಸಿಬಿಟ್ರಲ್ಲ ನೀವು. ಯಾವುದು ಯಾರದು ಅಂತ ಊರಿಗೆಲ್ಲ ಗೊತ್ತು. ನನ್ನ ಮಗಳದು ಮಾತ್ರ ಸಂಜೆವರೆಗೂ ನೇತಾಡ್ತಾ ಉಳಿದ್ರೆ ಅವಳ ಮುಖ ನಾನು ನೋಡಬೇಕಲ್ಲ. ಮೊದಲ ವಾರ ಹುಡುಗಿಯರು ಆಚೆ ಹೋದಾಗ ಒಂದು ತಗೊಂಡೆ. ಆಮೇಲೆ ಒಂದು ತಗೊಂಡು ಇನ್ನೊಂದನ್ನ ಬಿಡೋಕೆ ಮನಸ್ಸು ಬರುತ್ತಾ?"

"ತಗೊಂಡಿದ್ದನ್ನ ಹಿಡ್ಕೊಂಡು ಹೊರಗೆ ಓಡಾಡಬಾರದಿತ್ತಾ?"

"ಓಡಾಡಿದ್ರೆ ಕೊಂಡಿದ್ದು ನಾನೇ ಅಂತ ಅವಳಿಗೆ ಗೊತ್ತಾಗಲ್ವಾ?" ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಿಮಗೆ ಮಕ್ಕಳಿದ್ದಿದ್ರೆ ಮೊದಲ ವಾರವೇ ಹೊಳೀತಿತ್ತು ಟೇಪಕ್ಕ."

ಆ ಮಾತನ್ನು ಟೇಪಕ್ಕ ಹೊಟ್ಟೆಗೆ ಹಾಕಿಕೊಂಡಳು. "ಇದೆಲ್ಲ ನಿಮ್ಮ ಕಪಾಟಲ್ಲಿ ಇಟ್ಕೊಂಡು ಆ ಹುಡುಗಿ ಮೇಲೆ ಹೇಗೆ ಹೇಳಿದ್ರಿ?"

"ಮೀನು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಕೊಡೆ, ದೋಣಿ ಎಲ್ಲಿ ಹೋದವು ಅಂತ ಗೊತ್ತಿರಲಿಲ್ಲವಲ್ಲ. ನಿಜವಾಗಿ ಅವಳೇ ಅಂದ್ಕೊಂಡೆ."

ಅದೇ ಸುಳಿವು ಹಿಡಿದು ಉಳಿದ ಮನೆಗಳಿಗೆ ಹೋದಾಗ, ಕೊಡೆಗಳು ಶಾಲೆಯ ಗುಮಾಸ್ತೆಯ ಹಾಸಿಗೆಯ ಕೆಳಗೆ ಸಿಕ್ಕವು. ಹಾಲಿನವನನ್ನು ಕಳಿಸಿ ಕೊಂಡುಕೊಂಡಿದ್ದಳಂತೆ. "ಹಾಸಿಗೆ ಯಾಕೋ ಎತ್ತರ ಆಗಿದೆ ಅಂತ ನಮ್ಮ ಮನೆಯವರು ದಿನಾ ಗೊಣಗ್ತಾರೆ" ಎಂದು ಆಕೆ ನಕ್ಕಳು, ಆಮೇಲೆ ಟೇಪಕ್ಕನ ಮುಖ ಕಂಡು ಸುಮ್ಮನಾದಳು. ಬಸ್ ಡ್ರೈವರ್ ಕಂಡಕ್ಟರನ ಕೈಲಿ ಕೊಳ್ಳಿಸಿದ ದೋಣಿಗಳನ್ನೆಲ್ಲ ಬಸ್ಸಿನ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ತುಂಬಿಕೊಂಡು ಊರೂರು ಸುತ್ತುತ್ತಿದ್ದ. ಯಾರನ್ನು ಕೇಳಿದರೂ ಅದೇ ಉತ್ತರ. ತಮ್ಮ ಗುರುತು ಎಲ್ಲಿದೆ ಎಂದು ಗೊತ್ತಿತ್ತು, ಉಳಿದವರದು ಗೊತ್ತಿರಲಿಲ್ಲ, ಕೀಲಿಯ ಮೇಲೆ ಮಾತ್ರ ಎಲ್ಲರಿಗೂ ಅನುಮಾನವಿತ್ತು.

ಬೆಳಿಗ್ಗೆ ಹೆತ್ತವರು ತಮ್ಮ ತಮ್ಮದನ್ನು ಎತ್ತಿಕೊಂಡು ಹೋದ ಮೇಲೆ ಮೇಜಿನಲ್ಲಿ ಉಳಿಯುತ್ತಿದ್ದುದು ಕೀಲಿಯದೊಂದೇ. ಅವಳ ಅಮ್ಮ ಊರಲ್ಲಿಲ್ಲ, ತಾತ ಭಾನುವಾರವೂ ಅಂಗಡಿ ಬಿಟ್ಟು ಏಳುವವನಲ್ಲ. ಹಾಗಾಗಿ ಮಧ್ಯಾಹ್ನದ ರೈಲಿನಿಂದ ಇಳಿದ ಜನ, ಯಾರ ಮಗಳು ಹೊಲಿದದ್ದೆಂದು ತಿಳಿಯದ ಜನ, ಚೀಲ ಬೇಕೆಂದು ಬಂದ ಜನ ಕೊಂಡದ್ದು ಅವಳದನ್ನು. ಇಡೀ ಬಳಗದಲ್ಲಿ ನಿಜವಾಗಿ ಮಾರಾಟವಾದದ್ದು ಅವಳ ಚೀಲ ಮಾತ್ರ. ಅವಳನ್ನೇ ಕಳ್ಳಿ ಮಾಡಿದ್ದೂ ಆಯಿತು.

"ನೀವು ಯಾರೂ ಬಾಯಿ ಬಿಟ್ಟು ಏನೂ ಹೇಳೋದು ಬೇಡ" ಎಂದು ಟೇಪಕ್ಕ ಮನೆ ಮನೆಗೆ ಹೇಳಿ ಬಂದಳು. "ಶನಿವಾರದೊಳಗೆ ಚೀಲ ಕೈಯಲ್ಲಿ ಹಿಡ್ಕೊಂಡು ಬೀದಿಗೆ ಬನ್ನಿ. ಮಕ್ಕಳು ನೋಡ್ಲಿ. ಬರದಿದ್ರೆ ನಾನೇ ಹೇಳ್ತೀನಿ, ಮತ್ತೆ ನಾನು ಹೇಳೋ ರೀತಿ ನಿಮಗೆ ಗೊತ್ತು."

ಇನ್ನು ಉಳಿದದ್ದು ಬೀಗದ ಅಂಗಡಿ. ಅಲ್ಲಿಗೆ ಹೋಗಲು ಕಾಲು ಬರಲಿಲ್ಲ. ಎರಡು ಸಲ ಹೊರಟು ಎರಡು ಸಲವೂ ಏನೋ ನೆನಪಾದವಳಂತೆ ತಿರುಗಿ ಬಂದಳು. ಮೂರನೆಯ ಸಲ ಹೋದಾಗ ತಾತ ಹಲಗೆಯ ಹಿಂದೆ ಕೂತು ಕೀಲಿಗೆ ಅರ ಹಾಕುತ್ತಿದ್ದ. ಒಳಗಿನ ಪರದೆಯ ಹಿಂದಿನಿಂದಲೂ ಅರದ ಸದ್ದು ಬರುತ್ತಿತ್ತು, ಸಣ್ಣ ಕೈಯ ಸದ್ದು.

"ಏನಮ್ಮಾ, ಬೀಗ ತಂದಿದ್ದೀರೋ, ಕೀಲಿ ಕಳ್ಕೊಂಡಿದ್ದೀರೋ?"

"ಎರಡೂ ಅಲ್ಲ ಯಜಮಾನರೇ."

"ಹಾಗಾದ್ರೆ ಇಲ್ಲಿ ನಿಮಗೇನು ಕೆಲಸ?" ತಾತ ತಲೆ ಎತ್ತಲಿಲ್ಲ. ಕಾಲ ಬುಡದಲ್ಲಿದ್ದ ಡಬ್ಬಿಯನ್ನು ಎತ್ತಿ ಹಲಗೆಯ ಮೇಲೆ ದಡಕ್ಕನೆ ಇಟ್ಟ. ತುಂಬ ಕೀಲಿಗಳು. "ನಿಮ್ಮ ಕಪಾಟಿನದು ಇದರಲ್ಲಿ ಇದೆಯಾ ಹುಡುಕಿ. ಸಾವಕಾಶವಾಗಿ ಹುಡುಕಿ. ನನಗೇನೂ ಅವಸರ ಇಲ್ಲ."

"ಹುಡುಕೋಕೆ ಬಂದಿಲ್ಲ. ಚೀಲಗಳು ಎಲ್ಲಿ ಹೋದವು ಅಂತ ಗೊತ್ತಾಯ್ತು. ಅದನ್ನ ಹೇಳೋಕೆ ಬಂದೆ."

ಅವಳು ಹೇಳಿದಳು. ಕಪಾಟಿನ ಮೀನು, ಹಾಸಿಗೆಯ ಕೊಡೆ, ಸ್ಪ್ಯಾನರ್ ಪೆಟ್ಟಿಗೆಯ ದೋಣಿ. ತಾತನ ಮುಖ ಅಲುಗಲಿಲ್ಲ. ಎಲ್ಲ ಮುಗಿದ ಮೇಲೆ ಗೂಟಕ್ಕೆ ತೂಗುಹಾಕಿದ್ದ ತನ್ನ ಊಟದ ಚೀಲವನ್ನು ಇಳಿಸಿ ಮೂಲೆ ತೋರಿಸಿದ.

"ಹಲ್ಲು ನೋಡಿ. ಇನ್ನೊಂದು ಚೀಲದ ಹಲ್ಲು ನೋಡಿದ್ದೀರಾ? ಪಕ್ಕ ಪಕ್ಕ ಇಟ್ಟು ನೋಡಿದ್ದೀರಾ?"

ಟೇಪಕ್ಕ ನೋಡಿರಲಿಲ್ಲ. ತೂತು ನೋಡಿದ್ದಳು, ಹಲ್ಲು ನೋಡಿರಲಿಲ್ಲ.

"ಒಂದರ ಥರ ಇನ್ನೊಂದಿಲ್ಲ. ನಾನೇ ಕಲಿಸಿದ್ದು. ಎರಡು ಮನೆಗೆ ಒಂದೇ ಹಲ್ಲಿನ ಕೀಲಿ ಮಾಡಿಕೊಟ್ರೆ ಎರಡು ಮನೆಯವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ಹಿಂದಿನ ವಾರದ್ದೇ ಹಲ್ಲು ಮತ್ತೆ ಬಂದುಬಿಟ್ರೆ ಇಕ್ಕಳ ಹಿಡ್ಕೊಂಡು ಕೂತು ದಾರ ಬಿಚ್ಚಿ ಮತ್ತೆ ಹಾಕ್ತಿತ್ತು ಮಗು. ಚೀಲದ ಮೇಲಿನ ಕೀಲಿ ಯಾವ ಬೀಗ ತೆಗೀಬೇಕು ಬಿಡು ಅಂದೆ. ಕೇಳಲಿಲ್ಲ."

ಒಳಗಿನ ಅರದ ಸದ್ದು ನಿಂತಿತ್ತು. ಟೇಪಕ್ಕ ಪರದೆಯ ಕಡೆ ತಿರುಗಿದಳು.

"ಪುಟ್ಟೀ, ಆವತ್ತು ನಾನು ಆಡಿಸಿದ್ದು ಆಟ ಅಲ್ಲ. ನೀನು ಸರಿಯಾಗೇ ಹೇಳಿದೆ. ತಪ್ಪು ನನ್ನದು. ಅದನ್ನ ಎಲ್ಲರೆದುರಿಗೂ ಹೇಳ್ತೀನಿ, ನೀನು ಬಂದ್ರೂ ಹೇಳ್ತೀನಿ, ಬರದಿದ್ರೂ ಹೇಳ್ತೀನಿ. ಬಂದ್ರೆ ನನಗೆ ಸಮಾಧಾನ."

ಪರದೆ ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅರದ ಸದ್ದು ಮತ್ತೆ ಶುರುವಾಯಿತು. ತಾತ ಡಬ್ಬಿಯನ್ನು ಕೆಳಗಿಟ್ಟ.

ಶನಿವಾರದ ಹೊತ್ತಿಗೆ ಬೀದಿಯಲ್ಲಿ ಮೀನು, ಕೊಡೆ, ದೋಣಿಗಳ ಜಾತ್ರೆಯಾಗಿತ್ತು. ಔಷಧಿ ಅಂಗಡಿಯ ಯಜಮಾನಿ ತಲೆ ತಗ್ಗಿಸಿಕೊಂಡು ಒಂದು ಕೈಯಲ್ಲಿ ಮೂರು ಮೀನು ಹಿಡಿದು ನಡೆದಳು. ಮಗಳು ದಾರಿಯಲ್ಲೇ ತಡೆದು ನಿಲ್ಲಿಸಿ, "ಅಮ್ಮಾ, ಅಷ್ಟೂ ನೀನೇನಾ?" ಎಂದಳಂತೆ. ಆವತ್ತು ವಾಚನಾಲಯದಲ್ಲಿ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಟೇಪಕ್ಕ ಹೇಳಬೇಕಾದದ್ದನ್ನು ನಿಂತುಕೊಂಡೇ ಹೇಳಿದಳು. ಕಪಾಟನ್ನು ತನ್ನ ಹೊರತು ಯಾರೂ ತೆಗೆದಿರಲಿಲ್ಲ, ಆಧಾರವಿಲ್ಲದೆ ಒಬ್ಬಳನ್ನು ಅನುಮಾನಿಸಿದ್ದು ತಾನು, ಆಟದ ನೆಪದಲ್ಲಿ ಎಲ್ಲರ ಚೀಲ ಹುಡುಕಿದ್ದೂ ತಾನೇ ಎಂದು. ಮೀನು ತಲೆ ಬಗ್ಗಿಸಿ ಬೆರಳಿನ ಉಗುರು ಕಚ್ಚುತ್ತಿದ್ದಳು.

ಮೆಟ್ಟಿಲ ಮೇಲೆ ಸದ್ದಾಯಿತು. ಅವಸರವಿಲ್ಲದ ಅದೇ ಹೆಜ್ಜೆ. ಕೀಲಿ ಒಳಗೆ ಬಂದಳು. ನೇರವಾಗಿ ಮೇಜಿನ ಹತ್ತಿರ ಹೋಗಿ ತನ್ನ ಚೀಲವನ್ನು ಬಗ್ಗಿಸಿ ಸುರಿದಳು. ದಾರ, ಸೂಜಿ, ಫೋಟೋ, ತಂತಿ. ಖಾಲಿ ಚೀಲದ ಒಳಗನ್ನು ಹೊರಗೆ ಮಗುಚಿ ಕೊಡವಿ ತೋರಿಸಿದಳು. ಆಮೇಲೆ ತನ್ನ ಜಾಗದಲ್ಲಿ ಕೂತಳು.

"ಬೇಡ ಪುಟ್ಟೀ, ಇದೆಲ್ಲ ಬೇಡ" ಎಂದಳು ಟೇಪಕ್ಕ.

"ಇರಲಿ ಅಕ್ಕ. ನೋಡಿಬಿಡಿ."

ಟೇಪಕ್ಕ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ತನ್ನ ಹಳೆಯ ಕೈಚೀಲವನ್ನು ತೆಗೆದು, ಕೀಲಿಯ ಸಾಮಾನಿನ ಪಕ್ಕಕ್ಕೆ ಪೂರ್ತಿ ಸುರಿದಳು. ಸೀಮೆಸುಣ್ಣದ ಚೂರು, ಒಂಟಿ ಗುಂಡಿಗಳು, ಕೆಮ್ಮಿನ ಮಾತ್ರೆ, ಕಾಲು ಮುರಿದ ಕನ್ನಡಕ, ಯಾವ ಕಾಲದ್ದೋ ಬಿಸ್ಕತ್ತು. ಕೊಡೆ ಬಾಯಿ ಮುಚ್ಚಿಕೊಂಡು ನಗು ತಡೆದಳು. ಟೇಪಕ್ಕ ಚೀಲವನ್ನು ಕೊಡವಿದಳು. ಒಳಗೆಲ್ಲೋ ಕಟಕ್ಕೆಂದಿತು. ಮತ್ತೆ ಕೊಡವಿದಳು. ಹರಿದ ಲೈನಿಂಗಿನ ಒಳಗಿನಿಂದ, ಬೆರಳುದ್ದದ ಮರದ ಹಿಡಿಯ ಕೊಕ್ಕೆ ಜಾರಿ ಬಂದು ಉಕ್ಕಿನ ತಂತಿಯ ಪಕ್ಕದಲ್ಲಿ ಬಿತ್ತು.

ಯಾರೂ ನಗಲಿಲ್ಲ. ಆ ಕೊಕ್ಕೆಯನ್ನು ಟೇಪಕ್ಕ ಹೇಗೆ ಹುಡುಕಿದ್ದಳೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಕುರ್ಚಿಗೆ ಕೂತುಬಿಟ್ಟಳು.

ಕೀಲಿ ಎದ್ದು ಬಂದು ಆ ಚೀಲವನ್ನು ಎತ್ತಿಕೊಂಡಳು. ಹರಿದ ಕಡೆ ಎರಡು ಬೆರಳು ತೂರಿಸಿ ನೋಡಿದಳು.

"ದರ್ಜಿ ಚೀಲ ಅಂತ ಹೇಳಿಕೊಳ್ಳೋ ಹಾಗಿಲ್ಲ" ಎಂದಳು. "ಕೊಡಿ, ಹೊಲೀತೀನಿ."

ಅಲ್ಲಿಯೇ ಕೂತು ಹೊಲಿದಳು. ಉಳಿದವರು ಹಗ್ಗ ತೆಗೆದು ಗಂಟಿನ ಅಭ್ಯಾಸಕ್ಕೆ ಕೂತರು. ಮೀನು ಹಾಕಿದ ಗಂಟು ಎಳೆದ ಕೂಡಲೇ ಬಿಚ್ಚಿಕೊಂಡಿತು, ಇನ್ನೊಮ್ಮೆ ಹಾಕಿದಳು, ಇನ್ನೊಮ್ಮೆ ಬಿಚ್ಚಿಕೊಂಡಿತು. ಕೊನೆಗೆ ಹಗ್ಗದ ತುದಿಯನ್ನು ಮಾತಿಲ್ಲದೆ ಕೀಲಿಯ ಕಡೆ ಚಾಚಿದಳು. ಕೀಲಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟು, ಹಗ್ಗ ತೆಗೆದುಕೊಂಡು, ಗಂಟು ಹಾಕಿ ಎಳೆದು ತೋರಿಸಿ ಹಿಂದಕ್ಕೆ ಕೊಟ್ಟಳು.

"ಶಿಬಿರಕ್ಕೆ ಬರ್ತೀಯಾ?" ಟೇಪಕ್ಕ ಮೆಲ್ಲಗೆ ಕೇಳಿದಳು.

"ಬರದೆ ಏನು ಮಾಡ್ಲಿ? ಇವರು ಕಟ್ಟಿದ ಗುಡಾರ ಹೊಸದಾದ್ರೂ ತಲೆ ಮೇಲೆ ಬೀಳುತ್ತೆ."

ಹೊಲಿಗೆ ಮುಗಿಯಿತು. ದಾರವನ್ನು ಹಲ್ಲಿನಿಂದ ಕಡಿದು ಚೀಲವನ್ನು ಟೇಪಕ್ಕನ ಕೈಗೆ ಕೊಟ್ಟಳು. ಟೇಪಕ್ಕ ಬೆಳಕಿಗೆ ಹಿಡಿದು ನೋಡಿದಳು. ಹೊಲಿಗೆ ನೆಟ್ಟಗಿತ್ತು, ತಾನೇ ಹಾಕಿದ್ದರೂ ಅಷ್ಟು ನೆಟ್ಟಗೆ ಬರುತ್ತಿರಲಿಲ್ಲ. ಕೈ ತಾನಾಗಿ ಚೀಲದ ಮೂಲೆಗೆ ಹೋಯಿತು. ಒಂದು ಮೂಲೆ ನೋಡಿದಳು, ಇನ್ನೊಂದು ಮೂಲೆ ನೋಡಿದಳು, ಒಳಗೆ ಮಗುಚಿಯೂ ನೋಡಿದಳು.

ಎಲ್ಲಿಯೂ ಕೀಲಿಯ ಗುರುತಿರಲಿಲ್ಲ. ಏಕೆ ಹಾಕಲಿಲ್ಲವೆಂದು ಟೇಪಕ್ಕ ಕೇಳಲಿಲ್ಲ. ಸುರಿದ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಳ್ಳತೊಡಗಿದಳು.